ಬುಟ್ಟಿಯಲ್ಲಿ ಇಳಿದು ಬಂದ ನರ್ಸಮ್ಮ

ಚಳಿ ಶುರುವಾಗುವ ಹೊತ್ತಿಗೆ ನಮ್ಮ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹತ್ತಿರ, ಕಾಂಪೌಂಡ್ ಗೋಡೆಗೆ ಹಗ್ಗ ಕಟ್ಟಿ ಸ್ವೆಟರ್ ಮಾರುವ ನೇಪಾಳದ ಕಡೆಯವರು ಬರುತ್ತಾರೆ. ಈ ಸಲ ತವರಿಗೆ ಹೋದಾಗ ಮಗಳಿಗೊಂದು ಉಲ್ಲನ್ ಟೋಪಿ ನೋಡೋಣವೆಂದು ಅಲ್ಲಿ ನಿಂತೆ. ಮಾರುವವಳು ಮೂಟೆ ಬಿಚ್ಚಿದಳು. ಹೊಸ ಉಣ್ಣೆಯ ವಾಸನೆಯ ಜೊತೆಗೆ ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಟೋಪಿ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ… ಇಂಥದೇ ಮೂಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನಮ್ಮ ಪಕ್ಕದ ಮನೆಯ ನರ್ಸಮ್ಮ ಒಂದು ಕಂದು ಬಣ್ಣದ ಸ್ವೆಟರ್ ಆರಿಸಿದ್ದರು. ಆಗ ನಾನು ಡಿಗ್ರಿ ಓದುತ್ತಿದ್ದೆ. ಬಿಸಿಲೂರಿನ ಹೆಂಗಸು, ಜೀವಮಾನದಲ್ಲಿ ಸ್ವೆಟರ್ ತೊಟ್ಟವರಲ್ಲ. "ನಿಮ್ಮ ಕಡಿ ಭಾಳ ಥಂಡಿ ಏನವ್ವ?" ಎಂದು ಮಾರುವವಳನ್ನೇ ವಿಚಾರಿಸಿದ್ದರು. ಅವರು ನೇಪಾಳಕ್ಕೆ ಹೊರಟಿದ್ದರು.

ನರ್ಸಮ್ಮ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ನಮ್ಮ ಓಣಿಯ ಮುಕ್ಕಾಲು ಪಾಲು ಜನ ಅವರ ಕೈಯಲ್ಲೇ ಹುಟ್ಟಿದ್ದರು, ನಾನೂ ಸೇರಿ. ಲಿಂಗಾಯತರ ಮನೆಯಾಗಲಿ, ಸಾಬರ ಮನೆಯಾಗಲಿ, ಅವರು ಸೀದಾ ಅಡುಗೆ ಮನೆಯವರೆಗೆ ಹೋಗುತ್ತಿದ್ದರು. ಸಿಟ್ಟು ಬಹಳ. ಒಮ್ಮೆ ಸಂತೆಯಲ್ಲಿ ಜಬರಿಸಿದ ಪೊಲೀಸಿನವನಿಗೆ, "ನಿನ್ನ ಹೊಕ್ಕಳ ಕೊಯ್ದಾಕಿ ನಾನು, ನನ್ನ ಮುಂದ ಜೋರು ಮಾಡಬ್ಯಾಡ" ಎಂದಿದ್ದರು. ಆತ ತಲೆ ತಗ್ಗಿಸಿ ನಕ್ಕು ಹೋದ.

ನಮ್ಮ ಅಪ್ಪ ಊರಿನ ಸಣ್ಣದೊಂದು ಕ್ರೈಸ್ತ ಸಭೆಗೆ ಪಾಸ್ಟರ್. ತಗಡಿನ ಚಾವಣಿಯ ಒಂದು ಹಾಲ್, ಒಂದು ಮೈಕು, ಕೆಲವು ಕುಟುಂಬಗಳು. ದಾವಣಗೆರೆಯ ಪ್ರಾರ್ಥನಾ ಕೂಟವೊಂದರಲ್ಲಿ ಅಪ್ಪನಿಗೆ ನೇಪಾಳದ ಪಾಸ್ಟರ್ ಒಬ್ಬರ ಪರಿಚಯವಾಗಿತ್ತು. ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ವೈದ್ಯರಿಲ್ಲ, ಎರಡು ವಾರದ ಸೇವೆಗೆ ಯಾರಾದರೂ ಬನ್ನಿ ಎಂದು ಅವರು ಕರೆದಿದ್ದರು. ಅಪ್ಪ, ನರ್ಸಮ್ಮ, ಹರಪನಹಳ್ಳಿಯ ಕಡೆಯ ಒಂದು ದಂಪತಿ, ಎಲ್ಲರೂ ಕೂಡಿ ಹೋಗುವುದೆಂದು ನಿರ್ಧಾರವಾಯಿತು. ಆಮೇಲೆ ಆ ದಂಪತಿ ಹಿಂದೆ ಸರಿದರು. ಅಪ್ಪನಿಗೆ ಸಕ್ಕರೆ ಕಾಯಿಲೆ ಜೋರಾಗಿ ಕಾಲಿನಲ್ಲಿ ಹುಣ್ಣಾಯಿತು. ಮುಂದಿನ ವರ್ಷ ನೋಡೋಣ ಎಂದರು ಅಪ್ಪ.

"ಟಿಕೆಟ್ ಆಗೈತಿ, ರೊಟ್ಟಿ ಬಡದೀನಿ, ಸ್ವೆಟರ್ ತಗಂಡೀನಿ" ಎಂದರು ನರ್ಸಮ್ಮ. "ನಾನೊಬ್ಬಾಕೀನ ಹೋಗಿ ಬರ್ತೀನಿ ಬಿಡ್ರಿ ಪಾಸ್ಟರ್ರ. ಬಸುರಿ ಹೆಂಗಸರು ಎಲ್ಲಿದ್ರೂ ಒಂದ."

ಆ ಭಾನುವಾರ ಸಭೆಯವರೆಲ್ಲ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹಡಗಲಿಯಿಂದ ತರಿಸಿದ ಮಲ್ಲಿಗೆ ಹಾರ ಹಾಕಿದರು. ನಮ್ಮ ಸಭೆಯಿಂದ ಹೊರದೇಶದ ಸೇವೆಗೆ ಹೊರಟ ಮೊದಲನೆಯವರು ಎಂದು ಅಪ್ಪ ಮೈಕಿನಲ್ಲಿ ಎರಡು ಸಲ ಹೇಳಿದರು. ಹೊಸಪೇಟೆಯ ರೈಲು ನಿಲ್ದಾಣಕ್ಕೆ ನಾನೂ ಅಪ್ಪನೂ ಹೋಗಿ ಅವರನ್ನು ಬೆಂಗಳೂರಿನ ಗಾಡಿ ಹತ್ತಿಸಿದೆವು. ಅಲ್ಲಿಂದ ಮುಂದೆ ವಿಮಾನ. ಚೀಲದಲ್ಲಿ ಬಿಪಿ ನೋಡುವ ಯಂತ್ರ, ಬೈಬಲ್ಲು, ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ರೈಲು ಹೊರಟಾಗ ಕಿಟಕಿಯಿಂದ ಕೈ ಬೀಸುವ ಬದಲು, "ನಿಮ್ಮಪ್ಪನ ಕಾಲಿಗೆ ದಿನಾ ಡ್ರೆಸ್ಸಿಂಗ್ ಮಾಡು, ಮೈಗಳ್ಳತನ ಮಾಡಬ್ಯಾಡ" ಎಂದು ನನ್ನನ್ನು ಗದರಿದರು.

ವಾಪಸು ಬಂದದ್ದು ಬೇರೆಯೇ ಹೆಂಗಸು. ಸೀರೆ ಮೈಮೇಲೆ ಜೋತು ಬಿದ್ದಿತ್ತು. ಓಣಿಯ ಹೆಂಗಸರು ವಿಮಾನದ ಸುದ್ದಿ ಕೇಳಲು ಬಂದರೆ, ಆರಾಮಿಲ್ಲ ಎಂದು ಬಾಗಿಲು ಮುಂದೆ ಮಾಡಿದರು. ಪ್ರಯಾಣದ ದಣಿವು ಎಂದುಕೊಂಡೆವು.

ಭಾನುವಾರ ಹಾಲ್ ತುಂಬಿತ್ತು. ಕೊಟ್ಟೂರಿನಿಂದ, ಕೂಡ್ಲಿಗಿಯಿಂದ ಬೇರೆ ಸಭೆಗಳವರನ್ನೂ ಅಪ್ಪ ಕರೆಸಿದ್ದರು. ಮತ್ತೆ ಹಾರ ಬಂತು. ನರ್ಸಮ್ಮ ಅದನ್ನು ಕೊರಳಿಗೆ ಹಾಕಿಸಿಕೊಳ್ಳದೆ ಕೈಯಲ್ಲಿ ಇಸಿದುಕೊಂಡು ಕುರ್ಚಿಯ ಮೇಲಿಟ್ಟರು. ಆಮೇಲೆ ಮೈಕಿನ ಮುಂದೆ ನಿಂತರು. ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವವರು ಮೊದಲು ಸ್ತೋತ್ರ ಹೇಳುವುದು ವಾಡಿಕೆ. ಅವರು ಹೇಳಲಿಲ್ಲ.

"ನೀವೆಲ್ಲಾರು ನನಗ ಪ್ರಾರ್ಥನಿ ಮಾಡಿ ಕಳಿಸಿದ್ರಿ. ನಾನು ಅಲ್ಲಿ ಹೋಗಿ ಒಂದು ಕೂಸು ಸಾಯಂಗ ಮಾಡಿ ಬಂದೆ" ಎಂದರು.

ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ. "ಆಕಿಗಂತ ಸಜ್ಜು ಮಾಡಿದ ಬುಟ್ಟಿಯಾಗ ನಾನು ಕುಂತೆ…" ಎಂದು ಅವರು ಮುಂದುವರಿಸುತ್ತಿದ್ದಂತೆಯೇ ಅಪ್ಪ ಕುಂಟುತ್ತಾ ಮುಂದೆ ಬಂದರು. ಅವರ ಭುಜದ ಮೇಲೆ ಕೈಯಿಟ್ಟು ಮೈಕಿಗೆ ಬಾಗಿ, ನಮ್ಮ ಸಹೋದರಿ ಬಹಳ ಕಷ್ಟಗಳ ನಡುವೆ ಸೇವೆ ಮಾಡಿ ಬಂದಿದ್ದಾರೆ, ದೇವರಿಗೆ ಸ್ತೋತ್ರ ಎಂದು, ತಾವೇ ಹಾಡು ಎತ್ತಿಕೊಂಡರು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾ ಹಾಡಿದರು. ತಗಡಿನ ಚಾವಣಿಯ ಕೆಳಗೆ ಆ ಸದ್ದು ದೊಡ್ಡದಾಗಿ ಕೇಳುತ್ತಿತ್ತು. ನರ್ಸಮ್ಮ ಬಾಯಿ ಅರ್ಧ ತೆರೆದುಕೊಂಡೇ ನಿಂತಿದ್ದರು. ನಾನು ಅಪ್ಪನ ಮುಖ ನೋಡಲಾರದೆ ನೆಲ ನೋಡಿದೆ. ಪಕ್ಕದಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಆ ಹೊತ್ತಿನ ನಾಚಿಕೆ ಎಂಥದೆಂದು ಹೇಳುವುದು ಕಷ್ಟ. ಹೆತ್ತವರು ನಾಲ್ಕು ಜನರ ಮುಂದೆ ಸಣ್ಣವರಾದಾಗ ಮಕ್ಕಳ ಮೈಯೆಲ್ಲ ಬಿಸಿಯಾಗುತ್ತದಲ್ಲ, ಅಂಥದು.

ಅಂದು ಸಂಜೆ ಅವ್ವ ನನ್ನನ್ನು ಕರೆದುಕೊಂಡು ನರ್ಸಮ್ಮನ ಮನೆಗೆ ಹೋದಳು. ಹಿತ್ತಲಿನ ಕಲ್ಲಿನ ಮೇಲೆ ಅವರು ಕೂತಿದ್ದರು. ಅವ್ವ ಹತ್ತಿರ ಕೂತಳು. ನರ್ಸಮ್ಮ ತಾವಾಗಿಯೇ ಹೇಳಿದರು.

ಜೀಪು ಹೋಗುವ ದಾರಿ ಮುಗಿದ ಮೇಲೆ ಅರ್ಧ ದಿನ ಬೆಟ್ಟ ಹತ್ತಬೇಕಂತೆ. ಅಲ್ಲಿಯ ಪಾಸ್ಟರ್ ಅವರನ್ನು ಮೇಲಿನ ಹಳ್ಳಿಯ ಒಂದು ಮನೆಯಲ್ಲಿ ಬಿಟ್ಟು, ಕೆಲವು ದಿನಗಳಲ್ಲಿ ಬರುತ್ತೇನೆಂದು ಬೇರೆ ಕಡೆ ಹೋದರು. ಆ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ, ತುಂಬು ಬಸುರಿ ಸೊಸೆ. ಮಗ ಯಾವುದೋ ಅರಬ್ಬರ ದೇಶಕ್ಕೆ ಕೂಲಿಗೆ ಹೋಗಿದ್ದ. ಊರಿನ ಹರೆಯದ ಗಂಡಸರೆಲ್ಲ ಹಾಗೆಯೇ ಹೋಗಿದ್ದರು. ಅವರು ಸಭೆಗೆ ಸೇರಿದವರೇನಲ್ಲ, ಮನೆಯ ಮೂಲೆಯಲ್ಲಿ ತಮ್ಮ ದೇವರನ್ನು ಇಟ್ಟುಕೊಂಡಿದ್ದರು. ನರ್ಸು ಬರುತ್ತಾರೆ ಎಂಬ ಕಾರಣಕ್ಕೆ ಜಾಗ ಕೊಟ್ಟಿದ್ದರು. ಸೊಸೆ ಗಂಡನ ಜೊತೆ ದೆಹಲಿಯಲ್ಲಿ ಇದ್ದು ಬಂದವಳು, ಹಿಂದಿ ಬರುತ್ತಿತ್ತು. ನರ್ಸಮ್ಮನಿಗೆ ವಾರ್ಡಿನಲ್ಲಿ ಸಾಬರ ಹೆಂಗಸರಿಂದ ಕಲಿತ ಅರೆಬರೆ ಉರ್ದು. ಇಬ್ಬರಿಗೂ ಹೇಗೋ ಮಾತು ಕೂಡಿತು. ನಮ್ಮ ಕಟಕ್ ರೊಟ್ಟಿಯೂ ಶೇಂಗಾ ಪುಡಿಯೂ ಆ ಹುಡುಗಿಗೆ ಎಷ್ಟು ಹಿಡಿಸಿದವೆಂದರೆ, ನರ್ಸಮ್ಮ ಗಂಟು ಪೂರ್ತಿ ಅವಳಿಗೇ ಬಿಟ್ಟುಕೊಟ್ಟರು.

ಆದರೆ ಮೊದಲ ದಿನವೇ ಅವರ ಕಣ್ಣು ಅವಳ ಕಾಲುಗಳ ಮೇಲೆ ಬಿದ್ದಿತ್ತು. ಊದಿದ್ದವು. ಬೆರಳಿನಿಂದ ಒತ್ತಿದರೆ ಕುಳಿ ಹಾಗೇ ಉಳಿಯುತ್ತಿತ್ತು. ಬಿಪಿ ಏರಿತ್ತು. ತಲೆನೋವು, ಕಣ್ಣು ಮಂಜು. ಬಸುರಿನಲ್ಲಿ ನಂಜೇರುವ ಲಕ್ಷಣ. ತಡ ಮಾಡಿದರೆ ಫಿಟ್ಸ್ ಬಂದು ತಾಯಿ ಕೂಸು ಎರಡೂ ಹೋಗಬಹುದು. ಕೂಡಲೇ ಕೆಳಗಿನ ಆಸ್ಪತ್ರೆಗೆ ಒಯ್ಯಬೇಕೆಂದು ಹಟ ಹಿಡಿದರು. ಮನೆಯವರು ಒಪ್ಪಿದರು. ಅಲ್ಲಿ ರೋಗಿಗಳನ್ನು ದೊಡ್ಡ ಬಿದಿರಿನ ಬುಟ್ಟಿಯಲ್ಲಿ ಕೂರಿಸಿ, ಅದರ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು ಬೆನ್ನ ಮೇಲೆ ಹೊತ್ತು ಇಳಿಸುತ್ತಾರಂತೆ. ಮಾವನೇ ಹೊರಬೇಕು, ಅಷ್ಟು ಶಕ್ತಿ ಇದ್ದ ಗಂಡಸು ಹತ್ತಿರದಲ್ಲಿ ಬೇರೆ ಇರಲಿಲ್ಲ. ಮರುದಿನ ಬೆಳಿಗ್ಗೆ ಹೊರಡುವುದೆಂದು ಅತ್ತೆ ಬುಟ್ಟಿಗೆ ಕಂಬಳಿ ಹಾಸಿ ಮೆತ್ತಗೆ ಮಾಡಿಟ್ಟಳು.

ಬೆಳಗಾಗುವಷ್ಟರಲ್ಲಿ ನರ್ಸಮ್ಮನೇ ನೆಲ ಹಿಡಿದಿದ್ದರು. ಬೆಟ್ಟದ ಎತ್ತರಕ್ಕೋ, ನೀರಿಗೋ, ವಾಂತಿ ಭೇದಿ ಹತ್ತಿ ಉಸಿರು ಸಿಗುತ್ತಿರಲಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ. ಮನೆಯವರು ಗಾಬರಿಯಾದರು. ದೂರದ ದೇಶದಿಂದ ನಮ್ಮನ್ನು ನೋಡಲು ಬಂದವರು ನಮ್ಮ ಮನೆಯಲ್ಲಿ ಸಾಯಬಾರದು ಎಂದನಂತೆ ಮುದುಕ. ಸೊಸೆಯೇ ಹತ್ತಿರ ಬಂದು ಕೂತು ಹೇಳಿದಳಂತೆ, ನೀವು ಮೊದಲು ಹೋಗಿ, ನನಗೆ ಇನ್ನೂ ದಿನ ಇವೆ, ಮಾವ ಬಂದು ನನ್ನನ್ನು ಒಯ್ಯುತ್ತಾರೆ ಎಂದು.

ಇಲ್ಲಿಗೆ ಬಂದು ನರ್ಸಮ್ಮ ನಿಲ್ಲಿಸಿದರು.

"ಆಕಿಗೆ ದಿನ ಇಲ್ಲ ಅಂತ ಆ ಮನಿಯಾಗ ಗೊತ್ತಿದ್ದಾಕಿ ನಾನೊಬ್ಬಾಕಿ" ಎಂದರು ಆಮೇಲೆ. "ಬ್ಯಾಡ, ಮೊದಲ ಆಕಿನ್ನ ಒಯ್ರಿ ಅನಬೇಕಿತ್ತು. ಬಾಯಿತನಕ ಬಂತವ್ವ. ಅನಲಿಲ್ಲ. ಅಂಜಿಕಿ ಬಂತು. ಯಾರೂ ಇಲ್ಲದ ದೇಶದಾಗ ಸತ್ತು ಹೋಗ್ತೀನಿ ಅಂತ ಅಂಜಿಕಿ ಬಂತು. ಸುಮ್ಮನ ಬುಟ್ಟಿಯಾಗ ಕುಂತೆ."

ಅವ್ವ ಅವರ ಕೈ ಹಿಡಿದುಕೊಂಡಳು. ಅವರು ಬಿಡಿಸಿಕೊಂಡರು.

ಮುದುಕ ಒಂದು ದಿನವಿಡೀ ಹೊತ್ತು ಇಳಿಸಿದ. ದಾರಿಯುದ್ದಕ್ಕೂ ಆತನ ಏದುಸಿರು ಬೆನ್ನ ಹಿಂದೆಯೇ ಕೇಳುತ್ತಿತ್ತಂತೆ. ಕೆಳಗಿನ ಸಣ್ಣ ಆಸ್ಪತ್ರೆಯಲ್ಲಿ ಇವರಿಗೆ ಗ್ಲೂಕೋಸ್ ಹಚ್ಚಿದ್ದನ್ನು ನೋಡಿ, ಒಂದು ಲೋಟ ಚಹಾ ಕುಡಿದು ಆತ ರಾತ್ರಿಯೇ ಮತ್ತೆ ಬೆಟ್ಟ ಹತ್ತಿದ. ಮರುದಿನ ಇಳಿಹೊತ್ತಿಗೆ ಅದೇ ಬುಟ್ಟಿಯಲ್ಲಿ ಸೊಸೆಯನ್ನು ತಂದ. ದಾರಿಯಲ್ಲೇ ಅವಳಿಗೆ ಫಿಟ್ಸ್ ಬಂದಿತ್ತು. ನರ್ಸಮ್ಮ ಅಷ್ಟರಲ್ಲಿ ಚೇತರಿಸಿಕೊಂಡಿದ್ದರು. ಎದ್ದು ಹೋಗಿ, ಅಲ್ಲಿದ್ದ ಒಬ್ಬಳೇ ಸಿಬ್ಬಂದಿಯ ಜೊತೆ ತಾವೇ ಹೆರಿಗೆ ಮಾಡಿಸಿದರು. ತಾಯಿ ಉಳಿದಳು. ಹೆಣ್ಣು ಕೂಸು, ಅಳಲಿಲ್ಲ. ಅವರು ಬಾಯಿಂದ ಉಸಿರು ಕೊಟ್ಟರು, ಬೆನ್ನು ಉಜ್ಜಿದರು, ಅಳಲೇ ಇಲ್ಲ.

ಹೊರಗೆ ಬಂದಾಗ ಮುದುಕ ಮೆಟ್ಟಿಲ ಮೇಲೆ ಕೂತಿದ್ದ. ಇವರು ಕೈಸನ್ನೆಯಿಂದ ಹೇಳಿದರು. ಆತ ತುಸು ಹೊತ್ತು ತಲೆ ಬಗ್ಗಿಸಿ ಕೂತ. ಆಮೇಲೆ ಎದ್ದು, ಇವರು ನಡೆದಾಡುತ್ತಿರುವುದನ್ನು ನೋಡಿ, ನೀವು ಗುಣವಾದಿರಲ್ಲ, ಅದು ಒಳ್ಳೆಯದಾಯಿತು ಎಂಬಂತೆ ಎರಡೂ ಕೈ ಜೋಡಿಸಿದ.

"ಬೈದಿದ್ರ ತಡಕೊಂತಿದ್ದೆ" ಎಂದರು ನರ್ಸಮ್ಮ. "ಆತ ಕೈ ಮುಗುದ."

ಕತ್ತಲಾಗುವ ಮೊದಲು ನಾವು ಮನೆಗೆ ಬಂದೆವು. ಅಪ್ಪ ಊಟಕ್ಕೆ ಕೂತಿದ್ದರು. ಅವ್ವ ಅಷ್ಟನ್ನೂ ಹೇಳಿದಳು. ಅಪ್ಪ ಊಟ ನಿಲ್ಲಿಸಿದರು, ಆದರೆ ಒಪ್ಪಲಿಲ್ಲ. "ಸಾಕ್ಷಿ ಅಂದ್ರ ದೇವರು ಮಾಡಿದ್ದು ಹೇಳಬೇಕು. ಬ್ಯಾರೆ ಊರಿನೋರೆಲ್ಲ ಬಂದಿದ್ರು. ನಾನೇನು ಮಾಡಬೇಕಿತ್ತು?" ಎಂದರು. ಅವ್ವ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಮ್ಮ ಅಪ್ಪ ಕೆಟ್ಟವರಲ್ಲ. ಎಷ್ಟೋ ಕುಡುಕರ ಮನೆಗಳನ್ನು ಎತ್ತಿ ನಿಲ್ಲಿಸಿದವರು. ಆದರೆ ಅಂದಿನಿಂದ ಅವರು ಮೈಕು ಹಿಡಿದಾಗಲೆಲ್ಲ ನನಗೆ ಒಳಗೊಳಗೇ ಮುಜುಗರವಾಗತೊಡಗಿತು. ಯಾರ ಮಾತನ್ನು ಅಡಗಿಸಿ ಈ ಮಾತು ನಿಂತಿದೆಯೋ ಎನ್ನಿಸುತ್ತಿತ್ತು.

ನರ್ಸಮ್ಮ ಸಭೆ ಬಿಡಲಿಲ್ಲ. ಚಪ್ಪಲಿ ಬಿಡುವ ಬಾಗಿಲ ಹತ್ತಿರ, ಎಲ್ಲರಿಗಿಂತ ಹಿಂದೆ ಕೂರತೊಡಗಿದರು. ಮತ್ತೆಂದೂ ಸಾಕ್ಷಿಗೆ ಏಳಲಿಲ್ಲ. ಅಪ್ಪ ಒಮ್ಮೆ ಬೇರೆ ಸಭೆಯವರಿಗೆ ಅವರನ್ನು ಪರಿಚಯಿಸುತ್ತಾ ನೇಪಾಳದ ಮಾತೆತ್ತಿದಾಗ, ಎದ್ದು ಹೊರಗೆ ಹೋಗಿ ಬಿಸಿಲಲ್ಲಿ ನಿಂತರು. ಓಣಿಯ ಬಸುರಿಯರ ಮೇಲಿನ ಗದರಿಕೆ ಮಾತ್ರ ಕಡಿಮೆಯಾಗಲಿಲ್ಲ. ಹೆರಿಗೆಯಾದ ಮನೆಯವರು ಸಕ್ಕರೆ ಹಂಚಲು ಬಂದರೆ ಮುಂಚಿನಂತೆ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡಿರುತ್ತಿದ್ದರು.

ನನಗೆ ಮದುವೆಯಾಗಿ ಹರಪನಹಳ್ಳಿಗೆ ಬಂದ ಮೇಲೆ, ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದೆ. ನರ್ಸಮ್ಮ ದಿನವೂ ಬೆಳಿಗ್ಗೆ ಬಂದು ನನ್ನ ಕಾಲು ಒತ್ತಿ ನೋಡುತ್ತಿದ್ದರು. ಒತ್ತಿದ ಜಾಗ ಮೇಲೇಳುವವರೆಗೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಆಮೇಲೆ ಅಲ್ಲೇ ಕೂತು ಪ್ರಾರ್ಥಿಸುತ್ತಿದ್ದರು. ನನ್ನ ಹೆಸರು ಹೇಳುವ ಮೊದಲು ಮತ್ತೊಂದು ಹೆಸರು ಹೇಳುತ್ತಿದ್ದರು. ನಮ್ಮ ಕಡೆಯ ಹೆಸರಲ್ಲ. ಕಣ್ಣು ಮುಚ್ಚಿ ಮೆಲ್ಲಗೆ ಹೇಳುತ್ತಿದ್ದುದರಿಂದ ಕಿವಿಗೆ ಪೂರ್ತಿ ಬೀಳುತ್ತಿರಲಿಲ್ಲ. ಯಾರ ಹೆಸರೆಂದು ಗೊತ್ತಿತ್ತು. ಇನ್ನೊಮ್ಮೆ ಹೇಳಿ ಎಂದು ಕೇಳುವುದು ಗಾಯ ಕೆದಕಿದಂತೆ ಎನ್ನಿಸಿ ಕೇಳಲಿಲ್ಲ.

ಹೋದ ವರ್ಷ ನರ್ಸಮ್ಮ ತೀರಿಕೊಂಡರು. ಊರಿಗೆ ಊರೇ ಬಂದಿತ್ತು. ಆ ಪೊಲೀಸಿನವನೂ, ಈಗ ತಲೆ ನರೆತವನು, ಪೆಟ್ಟಿಗೆಗೆ ಹೆಗಲು ಕೊಟ್ಟ. ಅಪ್ಪ ಕೋಲು ಹಿಡಿದು ನಿಂತು ಮಾತಾಡಿದರು. ಹಿಮಾಲಯದ ಬೆಟ್ಟಗಳಿಗೆ ಒಬ್ಬರೇ ಹೋಗಿ ಸುವಾರ್ತೆ ಸಾರಿದ ಧೀರ ಸೇವಕಿ ಎಂದರು. ಜನ ಆಮೆನ್ ಎಂದರು. ಅವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಈ ಸಲ ಬಸ್ ನಿಲ್ದಾಣದಿಂದ ಮನೆಗೆ ಬಂದವಳು ಅವ್ವನನ್ನು ಕೇಳಿದೆ. ನರ್ಸಮ್ಮ ಪ್ರಾರ್ಥನೆಯಲ್ಲಿ ಹೇಳುತ್ತಿದ್ದ ಆ ಹುಡುಗಿಯ ಹೆಸರೇನು ಎಂದು.

"ನನಗೂ ಒಂದೆರಡು ಸಲ ಹೇಳಿದ್ಲು. ನಾಲಿಗಿಗೆ ಹತ್ತಲಿಲ್ಲವ್ವ" ಎಂದಳು ಅವ್ವ. "ನಿಮ್ಮಪ್ಪನ್ನ ಕೇಳು."

ಅಪ್ಪ ವರಾಂಡದಲ್ಲಿ ಕೂತಿದ್ದರು. ಕೇಳಿಸಿದರೂ ಕೇಳಿಸದವರಂತೆ ರಸ್ತೆ ನೋಡುತ್ತಿದ್ದರು. ಆ ಕಡೆಗೇ ಮುಖ ಮಾಡಿ, "ನಾನು ಕೇಳಿಲ್ಲ" ಎಂದರು. ಹೆಸರು ಕೇಳಿಸಿಕೊಂಡಿಲ್ಲ ಎಂದರೋ, ಏನೆಂದು ವಿಚಾರಿಸಲೇ ಇಲ್ಲ ಎಂದರೋ ತಿಳಿಯಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು.

ಆ ಹುಡುಗಿ ಈಗ ಎಲ್ಲೋ ಇದ್ದಾಳೆ. ಮತ್ತೆ ಮಕ್ಕಳಾಗಿವೆ ಎಂದುಕೊಳ್ಳುತ್ತೇನೆ. ತನಗಾಗಿ ಒಂದು ಬಿಸಿಲೂರಿನಲ್ಲಿ ಒಬ್ಬ ಹೆಂಗಸು ಅಷ್ಟು ವರ್ಷ ದಿನವೂ ಕಣ್ಣು ಮುಚ್ಚಿ ಕೂರುತ್ತಿದ್ದಳೆಂದು ಅವಳಿಗೆ ಗೊತ್ತಿರಲಾರದು. ಆ ಕೆಲಸ ಈಗ ಮಾಡುವವರಿಲ್ಲ. ಮೊನ್ನೆ ಹರಪನಹಳ್ಳಿಯ ಮನೆಯಲ್ಲಿ ನಾನು ಮಾಡಲು ನೋಡಿದೆ. ಕಣ್ಣು ಮುಚ್ಚಿ, ಶುರು ಮಾಡಿ, ಹೆಸರು ಹೇಳಬೇಕಾದಲ್ಲಿಗೆ ಬಂದೆ… ಅಲ್ಲಿಂದ ಮುಂದಕ್ಕೆ ಹೋಗಲಾಗಲಿಲ್ಲ.