ದೇವರ ಕಣ್ಣಿನ ಹಸಿರು ಬೆಳಕು

ಗ್ರೈಂಡರಿನ ಕಲ್ಲು ಗುರುಗುಡುವ ಸದ್ದಿನಿಂದಲೇ ವಿನೋದಾಳ ಬೆಳಗು ಶುರು. ಮುಂಬಯಿ ಹತ್ತಿರದ ಡೊಂಬಿವಲಿಯ ಆ ಬಿಲ್ಡಿಂಗಿನ ಅರ್ಧ ಮನೆಗಳಿಗೆ ಇಡ್ಲಿ ಹಿಟ್ಟು ಹೋಗುವುದು ಅವಳ ಅಡುಗೆಮನೆಯಿಂದ. ಗಂಡ ತೀರಿಕೊಂಡ ಮೇಲೆ ಸಂಸಾರ ನಡೆದದ್ದೂ ಆ ಕಲ್ಲಿನಿಂದಲೇ. ಅವತ್ತು ಮಾತ್ರ ಉದ್ದು ನುಣ್ಣಗಾಗುವ ಮೊದಲೇ ಸ್ವಿಚ್ ಆರಿಸಿದಳು. ಬೇಲಾಪುರಕ್ಕೆ ಹೋಗಬೇಕಿತ್ತು.

"ಮಮ್ಮಿ, ಅಭೀ ತರಿ ತರಿ ಹೈ," ಅಂದಳು ಅನುಷ್ಕಾ, ಹಿಟ್ಟನ್ನು ಬೆರಳಲ್ಲಿ ಉಜ್ಜಿ. ಹದಿನಾರರ ಹುಡುಗಿ. ಅಮ್ಮನ ಮುಖ ಕಾಣಬೇಕಾದರೆ ಅವಳು ಈಗ ಅಮ್ಮನ ಕಿವಿಯ ಕಡೆ ನೋಡಬೇಕು. ನೇರ ನೋಡಿದರೆ ಮುಖವಿರುವಲ್ಲಿ ಕಪ್ಪು ಕಲೆಯೊಂದೇ.

ಕಳೆದ ಚೌತಿಯಲ್ಲಿ ಆದದ್ದು ಅದು. ಊರ ಕಡೆಯವರದೇ ಗಣೇಶೋತ್ಸವ ಮಂಡಳಿ. ಕಾರ್ಯದರ್ಶಿ ಶಂಭು, ವಿನೋದಾಳ ಗಂಡನ ಗೆಳೆಯ. ಗಣಪತಿಯ ದೃಷ್ಟಿ ಭಕ್ತರ ಮೇಲೆ ಬೀಳಲಿ ಎಂದು ಮೂರ್ತಿಯ ಕಣ್ಣುಗಳ ಹಿಂದೆ ಹಸಿರು ಲೇಸರ್ ಕೂರಿಸಿದ್ದ. ಮಂಗಳಾರತಿಯ ಹೊತ್ತಿಗೆ ಅದು ಹೊತ್ತಿಕೊಂಡಾಗ ಜನ ಕೆನ್ನೆ ಬಡಿದುಕೊಂಡು ಮುಂದೆ ನುಗ್ಗಿದರು. ಅನುಷ್ಕಾ ಕಣ್ಣು ಮುಚ್ಚಿ ಕೈಮುಗಿದಿದ್ದಳು. ವಿನೋದಾ ಅವಳ ಗಲ್ಲ ಹಿಡಿದೆತ್ತಿದಳು.

"ಕಣ್ಣು ಮುಚ್ಚಬೇಡ ಮಗಾ. ದೇವರ ಕಣ್ಣಲ್ಲಿ ಕಣ್ಣಿಟ್ಟು ಕೇಳಿಕೋ. ಈ ವರ್ಷ ಪರೀಕ್ಷೆ ಉಂಟಲ್ಲ."

ಮಗಳು ನೋಡಿದಳು. ವಿನೋದಾ ನೋಡುತ್ತಿದ್ದದ್ದು ಮಗಳ ಮುಖವನ್ನು. ಹಾಗಾಗಿ ತಾಯಿಯ ಕಣ್ಣು ಉಳಿಯಿತು.

ಲೇಸರಿನಿಂದ ಕಣ್ಣೊಳಗೆ ಸುಟ್ಟದ್ದು ಮತ್ತೆ ಚಿಗುರುವುದಿಲ್ಲ ಎಂದರು ಡಾಕ್ಟರು. ಅಂದಿನಿಂದ ಆ ಸಂಜೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಿಲ್ಲ. ಗಲ್ಲ ಹಿಡಿದೆತ್ತಿದ ಕೈ ಮಗಳಿಗೆ ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ವಿನೋದಾಳಿಗಾಗಿಲ್ಲ.

ಸರ್ಕಾರದವರು ಲೇಸರ್ ಸಾಮಾನುಗಳ ಸುರಕ್ಷತಾ ನಿಯಮ ಬದಲಿಸುತ್ತಾರಂತೆ, ಬೇಲಾಪುರದಲ್ಲಿ ಸಭೆ ಕರೆದು ಜನರ ಅಭಿಪ್ರಾಯ ಕೇಳುತ್ತಾರಂತೆ ಎಂದು ತಿಳಿಸಿದವಳು ಪಕ್ಕದ ಮನೆಯ ಸುಮೇಧಾ. 'ಕಿರಣವನ್ನು ನೇರ ನೋಡಬೇಡಿ' ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದರೆ ಸಾಕು ಎನ್ನುತ್ತಿತ್ತು ಹೊಸ ನಿಯಮದ ಕರಡು. ಅದನ್ನು ಕೇಳಿದ ದಿನವೇ ವಿನೋದಾ ಆ ಸಭೆಯಲ್ಲಿ ಮಾತಾಡುವವರ ಪಟ್ಟಿಗೆ ಹೆಸರು ಕೊಟ್ಟಿದ್ದಳು.

ಬೇಲಾಪುರದ ಕಚೇರಿಯ ಹೊರಗೆ ಬೆಂಚಿನ ಮೇಲೆ ಅಮ್ಮ ಮಗಳು ಕೂತಿದ್ದಾಗ, ಸುದ್ದಿ ಹೇಗೋ ತಿಳಿದು ಶಂಭು ಏದುಸಿರು ಬಿಡುತ್ತ ಬಂದ.

"ಎಂತ ವಿನೋದಕ್ಕ ಇದು? ಹೇಳದೆ ಕೇಳದೆ! ಮಂಡಳಿಯ ಮರ್ಯಾದೆ ಉಂಟಲ್ಲ?"

"ಮಂಡಳಿಯ ಹೆಸರು ನಾನು ಎತ್ತುವುದಿಲ್ಲ ಶಂಭಣ್ಣ."

"ಮತ್ತೆಂತ ಹೇಳ್ತೀರಿ?"

"ನೋಡಬೇಡಿ ಅಂತ ಬರೆದರೆ ಸಾಲದು ಅಂತ. ದರ್ಶನಕ್ಕೆ ಬಂದವರು ನೋಡದೆ ಇರ್ತಾರಾ? ಹೋಟೆಲಿನ ಬಾಗಿಲಲ್ಲಿ ತಿನ್ನಬೇಡಿ ಅಂತ ಬೋರ್ಡು ಹಾಕಿದ ಹಾಗಾಯ್ತು."

ಶಂಭು ನಗಲು ಹೋಗಿ ನಗಲಾರದೆ ತಲೆ ತಗ್ಗಿಸಿದ. "ಸ್ಟಿಕ್ಕರ್ ಇತ್ತು ಮಾರಾಯ್ತಿ. ನಾನೇ ಕಂಡಿದ್ದೆ. ಆದರೆ ಕೂರಿಸಿದ ಮೇಲೆ ಅದು ದೇವರ ತಲೆಯೊಳಗೆ ಹೋಯ್ತು."

ವಿನೋದಾ ಮಗಳ ಕಡೆ ತಿರುಗಿದಳು. "ನೀನು ಇಲ್ಲೇ ಕೂತುಕೋ. ಒಳಗೆ ಬರಬೇಡ."

"ಕ್ಯೂಂ?"

"ಬೇಡ. ಅಲ್ಲಿ ನಾನು ಎಲ್ಲ ಹೇಳಬೇಕು. ಯಾರು ನೋಡು ಅಂದದ್ದು ಅಂತ ಕೂಡ."

ಅನುಷ್ಕಾ ಅಮ್ಮನ ಕಿವಿಯ ಕಡೆ ನೋಡಿದಳು. "ಮುಝೆ ಯಾದ್ ಹೈ, ಮಮ್ಮಿ," ಅಂದಳು ಮೆಲ್ಲಗೆ. ಆಮೇಲೆ, ಅಪರೂಪಕ್ಕೆ, ಕನ್ನಡದಲ್ಲಿ: "ಆ ದಿನದಿಂದಲೂ ನೆನಪಿದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಿನೋದಾಳಿಗೆ ಸಲೀಸಾಗುತ್ತಿತ್ತು. ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು; ಹಿಟ್ಟು ಉಜ್ಜಿದ ಬೆರಳ ತುದಿ ಇನ್ನೂ ಬೆಳ್ಳಗಿತ್ತು.

"ವಿನೋದಾತಾಯಿ, ಆತ್ ಯಾ," ಎಂದು ಬಾಗಿಲಿನಿಂದ ಗುಮಾಸ್ತ ಮರಾಠಿಯಲ್ಲಿ ಒಳಗೆ ಕರೆದ.

ಶಂಭು ಅಡ್ಡ ಬಂದ. "ಒಂದು ಮಾತು ವಿನೋದಕ್ಕ. ದೇವರ ಕಣ್ಣಿನ ಸಂಗತಿ ಮಾತ್ರ ಬೇಡ. ಬರುವ ಚೌತಿಗೆ ಮೊದಲ ಆರತಿ ಅನುಷ್ಕಾಳ ಕೈಯಿಂದಲೇ ಮಾಡಿಸುವ. ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ, ದೇವರ ಎದುರೇ..."

ವಿನೋದಾ ಎದ್ದು, ಮಗಳನ್ನೂ ಕೈ ಹಿಡಿದು ಎಬ್ಬಿಸಿಕೊಂಡು ಗುಮಾಸ್ತ ನಿಂತ ಬಾಗಿಲೊಳಗೆ ನಡೆದಳು. ಹಿಂದೆ ಶಂಭು ಇನ್ನೂ ಹೇಳುತ್ತಲೇ ಇದ್ದ.