ಗೆರೆಯಾಚೆಯ ಬಾವಿ

ಹಳೆಯ ಟ್ರೇಸಿಂಗ್ ಬಟ್ಟೆಗೆ ಗಂಜಿಯ ವಾಸನೆ ಇರುತ್ತದೆ. ನಕಾಶೆ ಎಳೆಯುವ ಆ ಬಟ್ಟೆಯ ವಾಸನೆ ಮಗಳ ಏ.ಸಿ. ಹಾಕಿದ ಆಫೀಸಿನಲ್ಲಿ ಮತ್ತೆ ಮೂಗಿಗೆ ಬಡಿಯಿತು. ಹಳೆಯ ನಕಾಶೆಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಒಂದು ಹಾಳೆಯ ಮೂಲೆಯಲ್ಲಿ ನನ್ನ ಇನಿಷಿಯಲ್ ಸಿಕ್ಕಿತಂತೆ. ಅಪ್ಪನ ಕೈಚಳಕವನ್ನು ಅಪ್ಪನಿಗೇ ತೋರಿಸುವ ಹೆಮ್ಮೆಯಲ್ಲಿ ಕರೆದೊಯ್ದಿದ್ದಳು.

ಮೇಜಿನಷ್ಟು ದೊಡ್ಡ ಹಲಗೆ. ಅದರ ಹೊಟ್ಟೆಯೊಳಗೆ ಉದ್ದಕ್ಕೂ ಅಡ್ಡಕ್ಕೂ ತಂತಿಗಳ ಬಲೆ. ಮೇಲೆ ನಕಾಶೆ. ಕೈಯಲ್ಲಿ ಹಿಡಿದು ಅದರ ಮೇಲೆ ಸರಿಸುವ ಸಾಧನಕ್ಕೆ ಪಕ್ ಎನ್ನುತ್ತಾರೆ. ಅದಕ್ಕೊಂದು ಗಾಜು, ಗಾಜಿನಲ್ಲಿ ಕೂದಲೆಳೆಯಂಥ ಎರಡು ಗೆರೆ ಒಂದನ್ನೊಂದು ದಾಟುತ್ತವೆ. ಅವು ಕೂಡುವ ಜಾಗವನ್ನು ನಕಾಶೆಯ ಗೆರೆಯ ಮೇಲಿಟ್ಟು ಗುಂಡಿ ಒತ್ತಬೇಕು. ಪಕ್ಕಿನೊಳಗಿನ ಸುರುಳಿ ಯಾವ ತಂತಿಗಳ ಮೇಲಿದೆಯೆಂದು ಗುರುತಿಸಿ, ಹಲಗೆ ಎರಡು ಅಂಕಿ ಕೊಡುತ್ತದೆ: ಎಡದಿಂದ ಇಷ್ಟು, ಕೆಳಗಿನಿಂದ ಇಷ್ಟು.

"ಮೊದ್ಲು ನಾಲ್ಕು ಮೂಲೆ ಕೊಡ್ಬೇಕು ಅಪ್ಪ. ಶೀಟ್ ಹಿಗ್ಗಿದ್ರೂ ಮಷೀನೇ ಅಡ್ಜಸ್ಟ್ ಮಾಡ್ತದೆ."

ಈ ನಾಲ್ಕು ಮೂಲೆಯ ಪಾಠ ನನಗೆ ಐವತ್ತರ ದಶಕದಲ್ಲೇ ಆಗಿತ್ತು. ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಖೋಲಿ ಎನ್ನುವ ಒಂದೇ ಕೋಣೆಯಲ್ಲಿ ಉಡುಪಿ ಕಡೆಯ ಐವರು ಮಲಗುತ್ತಿದ್ದೆವು. ನಾಲ್ವರು ಹೋಟೆಲಿಗೆ, ನಾನು ಕೋಟೆ, ಅಂದರೆ ಫೋರ್ಟ್ ಪೇಟೆಯ ಒಂದು ನಕಾಶೆ ಆಫೀಸಿಗೆ. ಅಸಲು ನಕಾಶೆಯ ಮೇಲೆ ಪಾರದರ್ಶಕ ಬಟ್ಟೆ ಹಾಸಿ, ಅಡಿಯ ಗೆರೆಗಳನ್ನು ಹಾಗೇ ಎಳೆದುಕೊಳ್ಳುವ ಕೆಲಸ. ಟ್ರೇಸರ್ ಎಂದು ಹೇಳಿಕೊಳ್ಳುವಾಗ ಎದೆ ಉಬ್ಬುತ್ತಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ ಅಷ್ಟೆ. ಮಳೆಗಾಲದಲ್ಲಿ ಬಟ್ಟೆ ತೇವ ಕುಡಿದು ಹಿಗ್ಗುತ್ತದೆ; ಬೆಳಿಗ್ಗೆ ನಾಲ್ಕು ಮೂಲೆಯ ಗುರುತು ನೋಡಿ, ಸರಿದಿದ್ದರೆ ಪಿನ್ನು ಕಿತ್ತು ಮತ್ತೆ ಹೊಂದಿಸಬೇಕು. ಮೈಸೂರು ಕಡೆಯವರಾದ ನಮ್ಮ ಹೆಡ್ ದಿನವೂ ಇದನ್ನೇ ಹೇಳುತ್ತಿದ್ದರು.

ಗೋರೆಗಾಂವ್‌ನ ಹಾಳೆಯಲ್ಲಿ ಒಂದು ಸಂಜೆ ಗಡಿಗೆರೆ ಎಳೆದು ಮುಗಿಸಿದೆ. ಮರುದಿನ ಮಳೆಗೆ ಲೋಕಲ್ ರೈಲು ನಿಂತು ತಡವಾಯಿತು, ಮಧ್ಯಾಹ್ನದೊಳಗೆ ಹಾಳೆ ಕೊಡಬೇಕಿತ್ತು. ನನ್ನ ಗೆರೆ ಅಡಿಯ ಅಸಲು ಗೆರೆಯಿಂದ ಸರಿದು, ಎರಡೂ ಪಕ್ಕಪಕ್ಕ ಕಾಣುತ್ತಿದ್ದವು. ಕಂಡೂ ಕಾಣದವನಂತೆ, ಪಿನ್ನು ಕೀಳದೆ, ಅಡಿಯಲ್ಲಿ ಕಂಡಲ್ಲೇ ಬಾವಿಯ ಗುರುತಿನ ಸುತ್ತು ಎಳೆದುಬಿಟ್ಟೆ. ಗಡಿಯೊಳಗಿದ್ದ ಬಾವಿ ನನ್ನ ಹಾಳೆಯಲ್ಲಿ ಗಡಿಯ ಹೊರಗೆ ಹೋಯಿತು.

ಕೆಲವು ತಿಂಗಳ ಮೇಲೆ ಬಾವಿಯ ಒಡೆಯ ಗಂಗಾರಾಮ ಬಂದ, ತರಕಾರಿ ಬೆಳೆಯುವವ. ಪಕ್ಕದ ಜಮೀನಿನವನು ಆ ನಕಾಶೆ ತೋರಿಸಿ ಬಾವಿಗೆ ಬೇಲಿ ಹಾಕಿದ್ದನಂತೆ. ಗಂಗಾರಾಮ ಕೂಗಾಡಲಿಲ್ಲ. "ವಿಹೀರ್ ಚಾಲತ್ ನಾಹೀ, ಸಾಹೇಬ್" ಎಂದ. ಬಾವಿ ಎದ್ದು ನಡೆಯುವುದಿಲ್ಲ ಸಾಹೇಬರೇ. ಜೀವನದಲ್ಲಿ ನನ್ನನ್ನು ಸಾಹೇಬ ಎಂದ ಮೊದಲನೆಯವನು ಅವನೇ.

ಅಸಲು ಹಾಳೆ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ತೆಗೆದು ತೋರಿಸಿದ್ದರೆ ಅವನ ಬಾವಿ ಉಳಿಯುತ್ತಿತ್ತು, ನನ್ನ ಕೆಲಸ ಹೋಗುತ್ತಿತ್ತು. ಅಸಲಿನಲ್ಲಿ ಹೇಗಿದೆಯೋ ಹಾಗೇ ಎಳೆದಿದ್ದೇನೆ ಎಂದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುವ ಮುಖ ನನಗಿಲ್ಲ. ಮುಂದಿನ ತಿಂಗಳೇ ಕಾಯಂ ಆದೆ. ನೀರಿಲ್ಲದೆ ಅವನು ಜಮೀನು ಮಾರಿದನೆಂದು ಆಮೇಲೆ ಕೇಳಿದೆ. ಕಪಾಟಿನ ಹಾಳೆಯನ್ನು ಗೆದ್ದಲು ತಿಂದಿತು.

ಮಗಳ ಹಲಗೆಯ ಮೇಲಿದ್ದದ್ದು ಅದೇ ಗೋರೆಗಾಂವ್ ಹಾಳೆ. ಇದನ್ನೆಲ್ಲ ಅವಳಿಗೆ ಹೇಳಿದೆ. ಆ ಬಾವಿ ಗೆರೆಯ ಈಚೆ ಬರಬೇಕು, ಸರಿಮಾಡು ಎಂದೆ. ಅವಳು ಪ್ರೂಫ್ ಉಂಟಾ ಎಂದು ಕೇಳಿದಳು. ಎಲ್ಲಿಂದ ತರಲಿ?

"ಶೀಟಲ್ಲಿ ಹೇಗುಂಟೋ ಹಾಗೇ ಹಾಕ್ಬೇಕು, ಅಪ್ಪ."

ಗುಂಡಿ ಒತ್ತಿದಳು. ಬಾವಿಗೆ ಎರಡು ಅಂಕಿ ಬಿದ್ದವು. ಮೂಲೆಯಲ್ಲಿರುವ ನನ್ನ ಇನಿಷಿಯಲ್ಲನ್ನಾದರೂ ಏರಿಸು ಎಂದೆ; ತಪ್ಪು ಯಾರದ್ದೆಂದು ಯಾರಿಗಾದರೂ ತಿಳಿಯಲಿ.

"ಅದು ಬೇಡ ಅಪ್ಪ," ಎಂದಳು, ನನ್ನ ಮುಖ ನೋಡದೆ. "ಗೆರೆ ಮಾತ್ರ."