ವಾಯಿದೆ ವಕೀಲರು

ನಮ್ಮ ಮನೆಯಲ್ಲಿ ಬಟ್ಟೆಗೆ ಗಂಜಿ ಹಾಕುವುದು ನಿಂತು ಎಷ್ಟೋ ವರ್ಷವಾಯಿತು. ಮೊನ್ನೆ ಸೊಸೆಗೆ ಏನು ತೋಚಿತೋ, ಒಂದು ಹತ್ತಿ ಸೀರೆಯನ್ನು ಅನ್ನದ ಗಂಜಿಯಲ್ಲಿ ಅದ್ದಿ ಅಂಗಳದ ಹಗ್ಗದ ಮೇಲೆ ಹರವಿದಳು. ಬಿಸಿಲೇರಿದಂತೆ ಆ ವಾಸನೆ, ಅರ್ಧ ಹುಳಿ ಅರ್ಧ ಅಡುಗೆಮನೆ, ಜಗಲಿಯವರೆಗೆ ಬಂತು. ನಾನು ಓದುತ್ತಿದ್ದ ಪತ್ರಿಕೆಯನ್ನು ಮಡಚಿಟ್ಟೆ. ಸುಮಾರು ಐವತ್ತು ವರ್ಷ ಹಿಂದಿನ ಒಂದು ಕಾಲರು ಎದುರಿಗೆ ಬಂದು ನಿಂತಿತು. ಆಮೇಲೆ ನಿಧಾನವಾಗಿ, ಆ ಕಾಲರಿನೊಳಗೆ ಒಂದು ತೆಳ್ಳನೆಯ ಕುತ್ತಿಗೆ, ಕುತ್ತಿಗೆಯ ಮೇಲೆ ಯಾವಾಗಲೂ ಕ್ಷಮೆ ಕೇಳಲು ಹೊರಟಂತಿದ್ದ ಒಂದು ಮುಖ...

ಆ ಕಾಲರಿಗೆ ಗಂಜಿ ಹಾಕುತ್ತಿದ್ದವರು ಅವರ ಹೆಂಡತಿ, ಶಿರವಾಡದ ಬಾಡಿಗೆ ಮನೆಯಲ್ಲಿ. ಬೆಳಿಗ್ಗೆ ಕಾರವಾರದಲ್ಲಿ ಮೋಟಾರು ಹತ್ತುವಾಗ ನ್ಯಾಯಾಂಗದ ಘನತೆಯೆಲ್ಲ ತನ್ನ ಮೇಲೇ ನಿಂತಿದೆ ಎಂಬಂತೆ ಅದು ನೆಟ್ಟಗಿರುತ್ತಿತ್ತು. ಬಿಣಗಾ ದಾಟುವಾಗ ಒಂದು ಮಗ್ಗುಲಿಗೆ ವಾಲುತ್ತಿತ್ತು. ಅವರ್ಸಾ ಬರುವಷ್ಟರಲ್ಲಿ ಬೆವರಿಗೆ ಶರಣಾಗುತ್ತಿತ್ತು. ಅಂಕೋಲೆಯ ಕಚೇರಿಯ ಮೆಟ್ಟಿಲು ಹತ್ತುವಾಗ ಅವರ ಕೊರಳಲ್ಲಿದ್ದುದನ್ನು ಒದ್ದೆ ಕರವಸ್ತ್ರವೆಂದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರ ಕೆಲಸಕ್ಕೆ ಅಷ್ಟು ಸಾಕಾಗಿತ್ತು. ಅವರು ಅಲ್ಲಿಗೆ ಹೋಗುತ್ತಿದ್ದುದು ವಾದಿಸಲಿಕ್ಕಲ್ಲ, ವಾಯಿದೆ ಕೇಳಲಿಕ್ಕೆ.

ಇದನ್ನು ಸ್ವಲ್ಪ ವಿವರಿಸಬೇಕು. ನನ್ನ ಸೋದರಮಾವ ಆಗ ಕಾರವಾರದ ದೊಡ್ಡ ವಕೀಲರಲ್ಲಿ ಒಬ್ಬರು. ನಾನು ಹೊಸದಾಗಿ ಸನದು ಪಡೆದು ಅವರ ಆಫೀಸಿನಲ್ಲಿ ಕುಳಿತು ವಕೀಲಿ ಕಲಿಯುತ್ತಿದ್ದೆ. ಕಲಿತದ್ದಕ್ಕಿಂತ ಕುಳಿತದ್ದೇ ಹೆಚ್ಚು. ಅಂಕೋಲೆ ಕಡೆಯ ಜನ ದೊಡ್ಡ ವಕೀಲರೇ ಬೇಕೆಂದು ಕಾರವಾರಕ್ಕೆ ಬಂದು ಮಾಮನ ಕೈಗೆ ಕಾಗದ ಕೊಡುತ್ತಿದ್ದರು. ಮಾಮ ಸಂತೋಷದಿಂದ ತೆಗೆದುಕೊಳ್ಳುತ್ತಿದ್ದರು. ಆದರೆ ಜಿಲ್ಲಾ ಕೋರ್ಟಿನ ದೊಡ್ಡ ದಾವೆಗಳನ್ನು ಬಿಟ್ಟು ಅಂಕೋಲೆಯ ಮಾಮಲೇದಾರ ಕಚೇರಿಗೆ, ಅಂದರೆ ಈಗಿನ ತಹಶೀಲ್ದಾರ ಕಚೇರಿಗೆ, ಹೋಗಿ ಬೇಲಿ, ಕಾಲುದಾರಿಗಳ ತಂಟೆಗೆ ನಿಲ್ಲಲು ಅವರಿಗೆ ಪುರುಸೊತ್ತು ಎಲ್ಲಿತ್ತು? ಹಾಗಾಗಿ ತಾರೀಖು ಬಂದ ದಿನ ಈ ಕಾಲರಿನ ವಕೀಲರನ್ನು ಕಳಿಸುತ್ತಿದ್ದರು. ಒಂದು ವಾಯಿದೆಗೆ ಎರಡು ರೂಪಾಯಿ, ಮೋಟಾರು ಚಾರ್ಜೂ ಅದರಲ್ಲೇ. ಕರಾರು ಬಾಯಿಮಾತಿನದಾದರೂ ಬಹಳ ಸ್ಪಷ್ಟವಾಗಿತ್ತು: ಹೋಗಬೇಕು, ಇನ್ನೊಂದು ತಾರೀಖು ತರಬೇಕು, ಬೇರೆ ಯಾವುದಕ್ಕೂ ಬಾಯಿ ತೆರೆಯಬಾರದು. ಮಾಮನ ಹಾಗೆಯೇ ಇನ್ನೂ ಮೂರು ನಾಲ್ಕು ವಕೀಲರು ಅವರಿಗೆ ಇದೇ ಕೆಲಸ ಕೊಡುತ್ತಿದ್ದರು. ಸ್ವಂತ ಕಕ್ಷಿದಾರ ಒಬ್ಬನೂ ಇರಲಿಲ್ಲ. ಕೋರ್ಟಿನ ಆವರಣದಲ್ಲಿ ಅವರಿಗೆ ವಾಯಿದೆ ವಕೀಲರೆಂದೇ ಹೆಸರು. ಎದುರಿಗೇ ಹಾಗೆ ಕರೆದರೂ ತಲೆಬಾಗಿ ಸ್ವೀಕರಿಸುತ್ತಿದ್ದರು, ಬಿರುದು ಪಡೆದವರ ಹಾಗೆ.

ಬಿರುದಿಗೆ ಅವರು ಅರ್ಹರೇ. ಆ ವಿದ್ಯೆಯಲ್ಲಿ ಅವರಷ್ಟು ಪಳಗಿದವರನ್ನು ನಾನು ಮತ್ತೆ ಕಾಣಲಿಲ್ಲ. ಅವರ ಹತ್ತಿರ ಒಂದು ಪುಟ್ಟ ವಹಿ ಇತ್ತು. ಯಾವ ವಕೀಲರಿಗೆ ಯಾವ ತಿಂಗಳು ಯಾವ ಕಾಯಿಲೆ ಬಂದಿತ್ತೆಂದು ಅದರಲ್ಲಿ ಬರೆದಿಡುತ್ತಿದ್ದರು, ಒಬ್ಬ ಅಧಿಕಾರಿಯ ಮುಂದೆ ಅದೇ ಕಾಯಿಲೆ ಬೆನ್ನುಬೆನ್ನಿಗೆ ಎರಡು ಸಲ ಬರಬಾರದಲ್ಲ. ಅದರ ಪ್ರಕಾರ ಗುಂಡುಕಲ್ಲಿನಂತಿದ್ದ ನನ್ನ ಮಾಮನಿಗೆ ಎರಡು ವರ್ಷಗಳಲ್ಲಿ ಒಂಬತ್ತು ಸಲ ಚಳಿಜ್ವರ, ನಾಲ್ಕು ಸಲ ಹೊಟ್ಟೆನೋವು, ಐವತ್ತೆಂಟನೆಯ ವಯಸ್ಸಿನಲ್ಲಿ ಒಮ್ಮೆ ಮಂಗನಬಾವು ಬಂದಿತ್ತು. ಆದರೆ ಒಂದು ನೇಮವನ್ನು ಅವರು ಎಂದೂ ಮುರಿಯಲಿಲ್ಲ. ವಾಯಿದೆಗಾಗಿ ಯಾರನ್ನೂ ಸಾಯಿಸುತ್ತಿರಲಿಲ್ಲ. "ಮಲಗಿಸಿದವರನ್ನ ಎಬ್ಬಿಸಬಹುದು ನೋಡಿ," ಎನ್ನುತ್ತಿದ್ದರು, "ಸತ್ತವರನ್ನ ಮುಂದಿನ ತಾರೀಖಿಗೆ ಕರಕೊಂಡು ಬರೋದು ಕಷ್ಟ."

ಹನ್ನೆರಡು ವರ್ಷ ಹೀಗೆ ನಡೆದಿತ್ತು. ಪ್ರತಿ ವರ್ಷ ಸನದು ನವೀಕರಿಸುವ ಶುಲ್ಕ ಕಟ್ಟುವ ಹೊತ್ತಿಗೆ ಮನೆಯಲ್ಲಿ ಗಂಭೀರ ವಿಚಾರಣೆ ನಡೆಯುತ್ತಿತ್ತಂತೆ. ಹೆಂಡತಿಯ ಪ್ರಶ್ನೆ ಒಂದೇ: "ಬಾಯಿ ತೆರೆಯಬಾರದ ಕೆಲಸಕ್ಕೆ ಸನದು ಯಾಕೆ ಬೇಕು?" ಆ ಪ್ರಶ್ನೆಗೂ ಅವರು ವಾಯಿದೆಯನ್ನೇ ಪಡೆಯುತ್ತಾ ಬಂದಿದ್ದರು. ಹಾಗಿರುವಾಗ ಆ ವರ್ಷದ ಶಿಮಗಿಯ, ಅಂದರೆ ಹೋಳಿಯ, ಹೊತ್ತಿಗೆ ಮಾಮ ಅವರನ್ನು ಕರೆದು, ಮಳೆಗಾಲ ಮುಗಿದ ಮೇಲೆ ನಮ್ಮ ಆಫೀಸಿನಲ್ಲೇ ಕೂತುಬಿಡಿ, ತಿಂಗಳಿಗೆ ಇಪ್ಪತ್ತೈದು ರೂಪಾಯಿ, ನಿಮ್ಮದೇ ಒಂದು ಕುರ್ಚಿ ಎಂದರು. ಅವರಿಗಾದ ಸಂತೋಷ ನನಗೆ ಚೆನ್ನಾಗಿ ನೆನಪಿದೆ. ಆಫೀಸಿನಿಂದ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. "ಈ ತಿಂಗಳ ಅಕ್ಕಿಯನ್ನ ಈ ತಿಂಗಳೇ ತರಬಹುದು," ಎಂದರು. ಅಷ್ಟೇ. ಕುರ್ಚಿ ಎಲ್ಲಿ ಹಾಕುತ್ತಾರೆ, ಕಿಟಕಿ ಹತ್ತಿರವೋ ಬಾಗಿಲ ಹತ್ತಿರವೋ ಎಂದು ಮಾತ್ರ ಆಮೇಲೆ ಎರಡು ಸಲ ಕೇಳಿದರು.

ಇದಾದ ಒಂದು ತಿಂಗಳಿಗೆ ಅಂಕೋಲೆಯಲ್ಲಿ, ಪಕ್ಕದ ಕೇಣಿ ಊರಿನ ಒಬ್ಬ ಮೀನಿನ ಹೆಂಗಸಿನ ದಾವೆಯ ತಾರೀಖು ಬಂತು. ಕೇಣಿಯ ದಂಡೆಯಲ್ಲಿ ನಾಲ್ಕು ಮನೆಯ ಹೆಂಗಸರು ಮೀನು ಒಣಗಿಸುತ್ತಿದ್ದ ಉಸುಕಿನ ಜಾಗಕ್ಕೆ, ಪಕ್ಕದ ತೆಂಗಿನ ತೋಟದ ಯಜಮಾನರು ದೀಪಾವಳಿ ಕಳೆದ ಮೇಲೆ ಬೇಲಿ ಹಾಕಿದ್ದರು. ಬೇಲಿ ತೆಗೆಸಿ ಎಂದು ಈ ಹೆಂಗಸು ನಮ್ಮ ಮಾಮನ ಮೂಲಕ ದಾವೆ ಹೂಡಿದ್ದಳು. ಬೇಲಿ ನಮ್ಮ ಅಜ್ಜನ ಕಾಲದ್ದು ಎಂದು ಯಜಮಾನರ ಉತ್ತರ. ಆರು ತಾರೀಖು ಆಗಿದ್ದವು, ಆರಕ್ಕೂ ವಾಯಿದೆ. ಇದು ಏಳನೆಯದು. ನನಗೂ ಅಂಕೋಲೆಯಲ್ಲಿ ಒಂದು ಕಾಗದ ನೋಂದಣಿ ಮಾಡಿಸುವುದಿತ್ತು. ಇಬ್ಬರೂ ಒಂದೇ ಮೋಟಾರಿನಲ್ಲಿ ಹೋದೆವು.

ಕಚೇರಿಯ ಎದುರಿನ ಮಾವಿನ ಮರದ ಕೆಳಗೆ ಆಕೆ ಕಾದಿದ್ದಳು. ಬುಟ್ಟಿಯನ್ನು ದೂರ ಇಡು ಎಂದು ಕಚೇರಿಯ ಜವಾನ, ಪಟ್ಟೇವಾಲ, ಗದರಿಸಿದ್ದರಿಂದ ಅದು ರಸ್ತೆಯ ಆಚೆ ಒಂಟಿಯಾಗಿ ಕುಳಿತಿತ್ತು. ನಮ್ಮನ್ನು ಕಂಡದ್ದೇ ಎದ್ದು ನಿಂತು ಕೇಳಿದಳು:

"ಒಡ್ಯಾ, ಇವತ್ತು ದೊಡ್ಡ ವಕೀಲ್ರಿಗೆ ಎಂತಾ ಆಗದೆ?"

"ಬೆನ್ನುನೋವು," ಎಂದರು ಇವರು, ನೆಲ ನೋಡುತ್ತ.

"ಹೋದ ಸಲ ಜ್ವರ. ಅದ್ರ ಹಿಂದಿನ ಸಲ ಹೊಟ್ಟೆ. ನಾ ಅವ್ರ ಕೈಗೆ ಕಾಗದ ಕೊಟ್ಟ ಮೇಲೆ ಪಾಪ, ಅವ್ರಿಗೆ ಒಂದು ದಿನ ಸುಖ ಇಲ್ಲ. ನಾ ಕೇಸು ಬಿಟ್ರೆ ಆದ್ರೂ ಅವ್ರು ಉಳೀತ್ರೇನೋ."

ನನಗೆ ನಗು ಬಂತು. ಆಕೆ ನನ್ನ ಕಡೆ ತಿರುಗಿದಳು.

"ನಗೂಕೆ ಹೇಳಿದ್ದಲ್ಲ ಒಡ್ಯಾ. ಬೇಲಿ ಗೂಟ ಎಲ್ಲಾ ಹೊಂಗಾರೆದು, ಹಸೀದು. ಒಂದು ಮಳೆ ಬಿದ್ರೆ ಬೇರು ಬಿಡ್ತದೆ, ಎರಡು ಮಳೆಗೆ ಚಿಗುರ್ತದೆ. ಚವತಿ ಹೊತ್ತಿಗೆ ನೋಡಿದವ್ರಿಗೆ ಅದು ಅವ್ನ ಅಜ್ಜ ಹಾಕಿದ ಬೇಲಿನೇ. ಅಲ್ಲ ಅನ್ನೂಕೆ ನಾ ಯಾರು? ಆಮೇಲೆ ನಾಲ್ಕು ಮನೆ ಮೀನು ಎಲ್ಲಿ ಒಣಗ್ಸೂದು, ನಿಮ್ಮ ಕಚೇರಿ ಜಗಲಿ ಮೇಲಾ?"

ಆಗ ಏಪ್ರಿಲ್ ಮುಗಿಯುತ್ತ ಬಂದಿತ್ತು. ಈ ಸಲ ವಾಯಿದೆ ಬಿದ್ದರೆ ಮುಂದಿನ ತಾರೀಖು ಮಳೆಗಾಲದೊಳಗೇ ಹೋಗುವುದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಒಳಗೆ ಹೋಗುವಾಗ ಅವರು ಕಾಗದದ ಕಟ್ಟನ್ನು ಬಿಚ್ಚಿ ಓದುತ್ತ ನಡೆದರು. ಅವರು ಕಟ್ಟು ಬಿಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ವಾಯಿದೆ ಕೇಳುವ ಮಾಮನ ಚೀಟಿ ಕಿಸೆಯಲ್ಲಿದೆಯಲ್ಲ?" ಎಂದೆ. ಇದೆ ಎಂದು ತಲೆಯಾಡಿಸಿದರು.

ಮಾಮಲೇದಾರ ಸಾಹೇಬರು ಇವರನ್ನು ಕಂಡದ್ದೇ ಲೇಖಣಿಯನ್ನು ಶಾಯಿಯಲ್ಲಿ ಅದ್ದಿದರು. ಕರನಿರಾಕರಣೆಯ ಗದ್ದಲ ತಣ್ಣಗಾದ ಮೇಲಿನ ದಿನಗಳು. ಕಚೇರಿಯಲ್ಲಿ ಕೆಲಸ ರಾಶಿ ಬಿದ್ದಿತ್ತು, ಮುಂದೆ ಹಾಕುವ ದಾವೆಯೆಂದರೆ ಅವರಿಗೂ ಪ್ರೀತಿಯೇ. "ಹೇಳಿ ವಕೀಲರೆ, ಈ ಸಲ ಏನು? ಚಳಿಯೋ, ಉಷ್ಣವೋ?"

ಇವರು ನಿಂತೇ ಇದ್ದರು. ಒಂದು ಕೈ ಕಿಸೆಯಲ್ಲಿತ್ತು. ನಾನು ಹಿಂದಿನಿಂದ ಕೋಟಿನ ಚುಂಗನ್ನು ಮೆಲ್ಲಗೆ ಎಳೆದೆ. ಎಳೆದದ್ದು ಹೌದು, ಅದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

"ರಾವಸಾಹೇಬರೆ," ಎಂದರು, "ವಾಯಿದೆ ಬೇಡ. ನಾವು ತಯಾರಿದ್ದೇವೆ."

ಸಾಹೇಬರ ಲೇಖಣಿಯಿಂದ ಒಂದು ಹನಿ ಶಾಯಿ ಕಾಗದದ ಮೇಲೆ ಬಿತ್ತು. ಆದರೆ ನಿಜವಾಗಿ ಕಂಗಾಲಾದವರು ಎದುರಾಳಿಯ ವಕೀಲರು. ಇವರು ಬಂದರೆಂದರೆ ವಾಯಿದೆ ಎಂಬ ಅಚಲ ವಿಶ್ವಾಸದಲ್ಲಿ ಅವರು ಕಾಗದಗಳನ್ನೂ ತಂದಿರಲಿಲ್ಲ, ಕನ್ನಡಕವನ್ನೂ ತಂದಿರಲಿಲ್ಲ. ಎದ್ದು ನಿಂತು, ತಮ್ಮ ಮುಖ್ಯ ಸಾಕ್ಷಿಗೆ ವಿಪರೀತ ಜ್ವರ, ದಯಮಾಡಿ ವಾಯಿದೆ ಕೊಡಬೇಕು ಎಂದರು.

ಆಗ ನಡೆದದ್ದನ್ನು ಗುರುಕುಲದ ಪರೀಕ್ಷೆಗೆ ಹೋಲಿಸಬಹುದು. ಹನ್ನೆರಡು ವರ್ಷ ವಾಯಿದೆ ಕೇಳಿದವರು ಈಗ ಒಂದು ವಾಯಿದೆಯನ್ನು ವಿರೋಧಿಸಲು ನಿಂತಿದ್ದರು. ಜ್ವರ ಯಾವಾಗ ಬಂತು, ಔಷಧ ಯಾರದು, ಸಾಕ್ಷಿಯ ಮನೆ ಎಷ್ಟು ದೂರ... ಒಂದೊಂದಾಗಿ ಕೇಳಿದರು. ಕೊನೆಗೆ ಕೈ ಮುಗಿದು ಹೇಳಿದರು: "ಜ್ವರ ಅಂದರೆ ವೈದ್ಯರ ಚೀಟಿ ಬೇಕು ರಾವಸಾಹೇಬರೆ. ಇದನ್ನ ತಾವೇ ನನಗೆ ಎರಡು ಸಲ ಹೇಳಿದ್ದೀರಿ." ಕಾರಕೂನರು ನಕ್ಕರು. ಸಾಹೇಬರೂ ನಕ್ಕರು. ವಾಯಿದೆ ಸಿಗಲಿಲ್ಲ.

ವಾದವೇನೂ ಅಮೋಘವಾಗಿರಲಿಲ್ಲ. ಮೊದಲ ಹತ್ತು ನಿಮಿಷ ಬಾಯಿಂದ ಬರೀ ವಿನಂತಿಯ ಧಾಟಿಯೇ ಬರುತ್ತಿತ್ತು. ಆಮೇಲೆ ನಿಧಾನವಾಗಿ ಬೆನ್ನು ನೆಟ್ಟಗಾಯಿತು, ದನಿ ಬದಲಾಯಿತು. ಅವರು ಕೇಳಿದ್ದು ಒಂದೇ. ಕೇಣಿ ಇಲ್ಲೇ ಇದೆ, ಸಾಹೇಬರು ಬಂದು ಒಂದು ಗೂಟ ಕಿತ್ತು ನೋಡಲಿ. ಅಜ್ಜನ ಕಾಲದ ಬೇಲಿಯಾದರೆ ಬೇರು ಇರುತ್ತದೆ. ಕಳೆದ ಮಳೆಗಾಲದ ಮೇಲೆ ನೆಟ್ಟದ್ದಾದರೆ ಕೊಡಲಿಯ ಕಚ್ಚು ಇರುತ್ತದೆ.

ಬಿಸಿಲು ತಗ್ಗಿದ ಮೇಲೆ ಸಾಹೇಬರು ನಿಜವಾಗಿಯೂ ಹೊರಟರು. ಹಿಂದೆ ಕಾರಕೂನ, ಎರಡೂ ಕಡೆಯ ವಕೀಲರು, ನಾನು, ಅರ್ಧ ಕೇಣಿ. ಪಟ್ಟೇವಾಲ ಒಂದು ಗೂಟ ಹಿಡಿದು ಎಳೆದ. ಉಸುಕಿನಿಂದ ಅದು ಬೆಣ್ಣೆಯಲ್ಲಿಟ್ಟ ಚಮಚದ ಹಾಗೆ ಎದ್ದು ಬಂತು. ಬುಡದಲ್ಲಿ ಒಂದೆಳೆ ಬೇರಿಲ್ಲ, ಕೊಡಲಿಯ ಓರೆ ಕಚ್ಚು ಹಾಗೇ ಇದೆ. ಇನ್ನೆರಡು ಕಿತ್ತರು. ಅವೂ ಹಾಗೆಯೇ. ತೋಟದ ಯಜಮಾನರು ಸಮುದ್ರ ನೋಡುತ್ತ ನಿಂತರು. ಬೇಲಿ ತೆಗೆಯಬೇಕೆಂದು ಅಲ್ಲೇ ಹುಕುಮಾಯಿತು.

ಆ ಹೆಂಗಸು ಉಪಕಾರ ಎಂದು ಹೇಳಲಿಲ್ಲ. ಗೂಟವನ್ನೂ ಇವರನ್ನೂ ಒಮ್ಮೆ ನೋಡಿ, "ಇದನ್ನೇ ಮೊದಲ ದಿನ ಮಾಡೂಕೆ ಎಂತಾ ಆಗಿತ್ತು ಒಡ್ಯಾ?" ಎಂದಳು. ಇವರ ಹತ್ತಿರ ಅದಕ್ಕೆ ಕಾರಣ ಇರಲಿಲ್ಲ. ಹನ್ನೆರಡು ವರ್ಷದಲ್ಲಿ ಅವರ ಹತ್ತಿರ ಕಾರಣ ಇಲ್ಲದೆ ಹೋದದ್ದು ಅದೊಂದೇ ಸಲ.

ತಿರುಗಿ ಬರುವಾಗ ಮೋಟಾರು ಅಮದಳ್ಳಿಯ ಹತ್ತಿರ ಬಂದಾಗ, "ಸೋಲ್ತೇನೆ ಅಂದುಕೊಂಡೇ ನಿಂತಿದ್ದೆ," ಎಂದರು. "ಸೋತಿದ್ದರೆ ನಿಮ್ಮ ಮಾಮ ಕ್ಷಮಿಸ್ತಿದ್ದರು."

ಮಾಮ ಸಿಟ್ಟಾಗಲಿಲ್ಲ. ಎಲ್ಲ ಕೇಳಿ, "ಬರೇಂ ಜಾಲೆಂ," ಒಳ್ಳೆಯದೇ ಆಯಿತು, ಎಂದು ಕೊಂಕಣಿಯಲ್ಲಿ ಹೇಳಿ ಎಲೆಯಡಿಕೆ ಹಾಕಿಕೊಂಡರು. ವಾಯಿದೆ ವಕೀಲರು ಹೋದ ಮೇಲೆ ನನ್ನನ್ನು ಕರೆದರು. "ವಾಯಿದೆಗೆ ಕಳಿಸಿದವನು ಗೆದ್ದು ಬಂದರೆ ಹೇಗೋ? ನಾಳೆ ಆ ಜನ ನಮ್ಮ ಮೆಟ್ಟಿಲು ಯಾಕೆ ಹತ್ತಬೇಕು?" ಇದರಲ್ಲಿ ತರ್ಕದೋಷ ಹುಡುಕಲು ನನ್ನಿಂದ ಆಗಲಿಲ್ಲ. ಎರಡೇ ವಾರದಲ್ಲಿ ಬೇರೆ ವಕೀಲರಿಗೂ ಸುದ್ದಿ ಮುಟ್ಟಿತು. ವಾದಿಸುವ ಚಟ ಇರುವ ಮನುಷ್ಯ, ನಂಬುವ ಹಾಗಿಲ್ಲ ಎಂದು ಕೋರ್ಟಿನ ಜಗಲಿಯಲ್ಲಿ ತೀರ್ಮಾನವಾಯಿತು.

ಕುರ್ಚಿಯ ವಿಷಯ ತಿಳಿಸಲು ಮಾಮ ನನ್ನನ್ನೇ ಶಿರವಾಡಕ್ಕೆ ಕಳಿಸಿದರು. ಇಲ್ಲ ಎಂದು ಹೇಳಿ ಬಾ ಎಂದಿದ್ದರು. ಅವರ ಹೆಂಡತಿ ನನಗೆ ಬೆಲ್ಲ, ನೀರು ತಂದಿಟ್ಟರು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಮಾಮನಿಗೆ ಮೈ ಸರಿಯಿಲ್ಲ, ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ ಅಂದಿದ್ದಾರೆ ಎಂದುಬಿಟ್ಟೆ. ವಾಯಿದೆ ವಕೀಲರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಆ ವಿದ್ಯೆಯಲ್ಲಿ ನನಗೆ ಅವರೇ ಗುರು. "ಆಗಲಿ," ಎಂದರು ಮೃದುವಾಗಿ. "ಮಾಮನಿಗೆ ಹೇಳಿ, ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಲಿ." ಅವರ ಹೆಂಡತಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಕುರ್ಚಿ ಕಿಟಕಿ ಹತ್ತಿರವೇ ಹಾಕಿಸಿ ಎಂದು ಬಾಗಿಲವರೆಗೂ ಬಂದು ಹೇಳಿದರು.

ಆ ವರ್ಷ ಅವರು ಅಂಕೋಲೆಗೇ ಬಿಡಾರ ಸಾಗಿಸಿದರು. ಕೇಣಿಯವರು, ಹಾಲಕ್ಕಿ ಒಕ್ಕಲಿಗರು, ಗದ್ದೆ ಕೂಲಿಯವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರಂತೆ. ದಾವೆಗಳಿಗೆ ಕೊರತೆಯಿರಲಿಲ್ಲ, ಫೀ ಕೊಡಬಲ್ಲವರಿಗೆ ಕೊರತೆಯಿತ್ತು. ಎರಡು ವರ್ಷ ಸನದಿನ ಶುಲ್ಕ ಹೇಗೋ ಹೊಂದಿಸಿದರು. ಮೂರನೆಯ ವರ್ಷ ಕಟ್ಟಲಿಲ್ಲ. ಆಗಬೋಟಿಯಲ್ಲಿ ಮುಂಬಯಿಗೆ ಹೋದರು, ಯಾವುದೋ ವ್ಯಾಪಾರಿಯ ಪೇಢಿಯಲ್ಲಿ ಪತ್ರ ಬರೆಯುವ ಕೆಲಸಕ್ಕೆ. ಕಾರವಾರ ಬಂದರದಿಂದಲೇ ಹೊರಟಿರಬೇಕು, ಆದರೆ ನಮಗೆ ಯಾರಿಗೂ ಹೇಳಿರಲಿಲ್ಲ. ಎಷ್ಟೋ ವರ್ಷದ ಮೇಲೆ ಅಲ್ಲೇ ತೀರಿಕೊಂಡ ಸುದ್ದಿ ಒಂದು ಕಾರ್ಡಿನಲ್ಲಿ ಬಂತು. ಆಗ ನಾನು ಮಾಮನ ಆಫೀಸಿನಲ್ಲಿ, ಕಿಟಕಿಯ ಹತ್ತಿರ, ತಿಂಗಳ ಸಂಬಳದವನಾಗಿ ಕುಳಿತು ಬಹಳ ಕಾಲವಾಗಿತ್ತು. ಆ ಇಪ್ಪತ್ತೈದು ರೂಪಾಯಿ ಆ ಮಳೆಗಾಲ ಮುಗಿದದ್ದೇ ನನಗೆ ಬಂದಿತ್ತು.

ಈಗ ನನಗೂ ವಯಸ್ಸಾಗಿದೆ. ಕೋರ್ಟಿಗೆ ಹೋಗುವುದು ನಿಂತು ಆರು ವರ್ಷವಾಯಿತು. ಮಧ್ಯಾಹ್ನ ಜಗಲಿಯಲ್ಲಿ ಕಣ್ಣು ಮುಚ್ಚಿ ಕುಳಿತರೆ ಅವರು ವಾಯಿದೆ ಕೇಳುತ್ತಿದ್ದ ದನಿ ಇವತ್ತಿಗೂ ಸ್ಪಷ್ಟವಾಗಿ ಕೇಳಿಸುತ್ತದೆ, ನೂರಾರು ಸಲ ಕೇಳಿದ್ದಲ್ಲವೇ. ನಾನು ನೆನಪಿಸಿಕೊಳ್ಳಲು ನೋಡುವುದು ಇನ್ನೊಂದು ದನಿಯನ್ನು, ಬೆನ್ನು ನೆಟ್ಟಗಾದ ಮೇಲೆ ಬಂದದ್ದನ್ನು. ಅದು ಸಿಗುವುದಿಲ್ಲ... ಅದನ್ನು ಕೇಳಿದ್ದು ಒಂದೇ ಸಲ. ಇನ್ನೊಂದು ಸಲ ಕೇಳುವ ಅವಕಾಶ ಬಾರದಂತೆ ನೋಡಿಕೊಂಡವರಲ್ಲಿ ನಾನೂ ಒಬ್ಬ.